ಉಸಿರು ಬಿಗಿಹಿಡಿದು ಮುಳುಗುವ ಮುನ್ನ

ನಮ್ಮೂರಿನ ಕಡಲಬಂಡೆಗಳಿಂದ ಪಚ್ಚಿಲೆ ತೆಗೆಯಲು ಹೆಚ್ಚು ಸಲಕರಣೆ ಬೇಡ. ಒಂದು ಕನ್ನಡಕ, ಕಬ್ಬಿಣದ ಉಳಿ, ಬಲೆಯ ಚೀಲ, ಹಿಡಿದು ತೇಲಲು ಲಾರಿಯ ಟ್ಯೂಬ್. ಉಳಿದದ್ದೆಲ್ಲ ಉಸಿರಿನ ಕೆಲಸ. ನನ್ನ ಮಾಮ ಇದನ್ನು ಇಪ್ಪತ್ತು ವರ್ಷದಿಂದ ಮಾಡುತ್ತಿದ್ದಾರೆ.

ಕಳೆದ ಡಿಸೆಂಬರಿನ ಒಂದು ಶುಕ್ರವಾರ ಜುಮಾ ಮುಗಿಸಿ ನಾನೂ ಅವರ ಮಗನೂ ಜೊತೆಗೆ ಹೋಗಿದ್ದೆವು. "ಇಪ್ಪತ್ತು ಸಲ ಜೋರಾಗಿ ಉಸಿರೆಳೆದು ಬಿಡು, ಆಮೇಲೆ ಮುಳುಗು. ತುಂಬಾ ಹೊತ್ತು ಇರಬಹುದು" ಎಂದು ಅವನಿಗೆ ಹೇಳಿಕೊಟ್ಟವನು ನಾನು. ಮೊಬೈಲಿನಲ್ಲಿ ನೋಡಿದ್ದೆ, ಅಷ್ಟೇ. ಮೂರನೆಯ ಸಲ ಮುಳುಗಿದವನು ಮೇಲೆ ಬರುತ್ತಾ ನೀರಿನ ಮಟ್ಟಕ್ಕೆ ಒಂದು ಕೈಯಷ್ಟು ಕೆಳಗೆ ಸುಮ್ಮನೆ ನಿಂತುಬಿಟ್ಟ. ಒದ್ದಾಟವಿಲ್ಲ, ಕೂಗಿಲ್ಲ. ಮಾಮ ಹಾರಿ ಎಳೆದು ಮುಖವನ್ನು ನೀರಿನಿಂದ ಎತ್ತಿ, ಕನ್ನಡಕ ಕಿತ್ತು, ಹೆಸರು ಹಿಡಿದು ಕೂಗಿದರು. ತುಟಿ ನೀಲಿಯಾಗಿತ್ತು. ಅಲ್ಲಾಹನ ದಯೆ, ಉಸಿರೆಳೆದ. ತನಗೆ ಏನಾಯಿತೆಂದು ಅವನಿಗೆ ನೆನಪೇ ಇರಲಿಲ್ಲ.

ನಮ್ಮ ಪಿಯುಸಿ ಪುಸ್ತಕಗಳಲ್ಲೇ ಇದರ ಉತ್ತರವಿತ್ತು. ಉಸಿರಾಡಬೇಕೆಂಬ ಚಡಪಡಿಕೆ ಹುಟ್ಟುವುದು ಮುಖ್ಯವಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುವುದರಿಂದ, ಆಮ್ಲಜನಕ ಇಳಿಯುವುದರಿಂದಲ್ಲ. ಜೋರಾಗಿ ಉಸಿರಾಡಿದರೆ ಆಮ್ಲಜನಕ ಹೆಚ್ಚು ಸೇರುತ್ತದೆ ಎಂದು ನಾನು ತಿಳಿದಿದ್ದೆ. ಆದರೆ ಆರೋಗ್ಯವಂತನ ಹಿಮೋಗ್ಲೋಬಿನ್ ಮೊದಲೇ ಶೇಕಡಾ 97ರಷ್ಟು ತುಂಬಿರುತ್ತದೆ, ಹೊಸದಾಗಿ ಸೇರಲು ಜಾಗವೇ ಇಲ್ಲ. ಕಾರ್ಬನ್ ಡೈಆಕ್ಸೈಡ್ ಮಾತ್ರ ಖಾಲಿಯಾಗುತ್ತದೆ. ಅಂದರೆ ನಾನು ಅವನಿಗೆ ಕೊಟ್ಟದ್ದು ಹೆಚ್ಚು ಉಸಿರಲ್ಲ. ಎಚ್ಚರಿಕೆಯ ಗಂಟೆಯನ್ನು ಕಿತ್ತು ಕಳಿಸಿದ್ದೆ.

ಇನ್ನೊಂದು ಪಾಲು ಬಾಯ್ಲ್ ನಿಯಮದ್ದು. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಒತ್ತಡ ಸುಮಾರು ಒಂದು ವಾಯುಮಂಡಲದಷ್ಟು ಏರುತ್ತದೆ. 5 ಮೀಟರ್ ಆಳದಲ್ಲಿ ಅದು ಒಂದೂವರೆ ಪಟ್ಟು, 6 ಲೀಟರ್ ಗಾಳಿ 4 ಲೀಟರಿಗೆ ಕುಗ್ಗುತ್ತದೆ. ಕೆಳಗೆ ಈ ಒತ್ತಡವೇ ಉಳಿದ ಸ್ವಲ್ಪ ಆಮ್ಲಜನಕವನ್ನು ರಕ್ತಕ್ಕೆ ನೂಕುತ್ತಿರುತ್ತದೆ, ಎಲ್ಲ ಸರಿಯಿದೆ ಎನಿಸುತ್ತದೆ. ಮೇಲೇರಿದಂತೆ ಆಮ್ಲಜನಕದ ಭಾಗಶಃ ಒತ್ತಡ ಮೂರರಲ್ಲೊಂದು ಪಾಲು ಕುಸಿಯುತ್ತದೆ. ಪ್ರಜ್ಞೆ ತಪ್ಪುವುದು ಹೆಚ್ಚಾಗಿ ಆಳದಲ್ಲಲ್ಲ, ಇನ್ನೇನು ತಲೆ ಹೊರಬರಬೇಕು ಎನ್ನುವಾಗ. ಈಟಿ ಹಿಡಿದು ಮೀನು ಬೇಟೆಗೆ ಮುಳುಗುವವರಲ್ಲೂ ಹೀಗೆ ಸತ್ತವರಿದ್ದಾರೆ. ಮೀನು ಎದುರಿಗಿದ್ದಾಗ ಇನ್ನೊಂದು ಗಳಿಗೆ ಕಾಯೋಣ ಎನಿಸುವುದು ಸಹಜ.

ಕನ್ನಡಕದ ವಿಷಯವನ್ನೂ ಹೇಳಬೇಕು. ಈಜುಕೊಳದ ಕನ್ನಡಕ ಹಾಕಿ ಆಳಕ್ಕೆ ಹೋಗಬೇಡಿ. ಅದರೊಳಗಿನ ಗಾಳಿಯ ಒತ್ತಡ ಸರಿಪಡಿಸಲು ದಾರಿಯಿಲ್ಲ, ಕಣ್ಣನ್ನು ಹೀರಿ ಕೆಂಪು ಮಾಡುತ್ತದೆ. ಮೂಗನ್ನೂ ಮುಚ್ಚುವ ಮುಖವಾಡವಾದರೆ ಮೂಗಿನಿಂದ ಸ್ವಲ್ಪ ಗಾಳಿ ಬಿಟ್ಟರೆ ಸಾಕು. ಕಿವಿಗೆ, ಮೂಗು ಹಿಡಿದು ಮೆಲ್ಲಗೆ ಊದಬೇಕು, ಅದೂ ನೋವು ಶುರುವಾಗುವ ಮೊದಲು. ಶೀತವಿದ್ದ ದಿನ ಮುಳುಗುವುದೇ ಬೇಡ. ಮುಖವಾಡದ ಗಾಜಿನಾಚೆ ವಸ್ತುಗಳು ಕಾಲುಭಾಗ ಹತ್ತಿರ ಕಾಣುವುದರಿಂದ ನನ್ನ ಉಳಿ ಎಷ್ಟೋ ಸಲ ಪಚ್ಚಿಲೆ ತಲುಪದೆ ನೀರನ್ನೇ ತಿವಿದಿದೆ. ವಕ್ರೀಭವನದ ಪ್ರಶ್ನೆಯನ್ನು ನಾನು ಪರೀಕ್ಷೆಯಲ್ಲಿ ತಪ್ಪು ಮಾಡಲಿಲ್ಲ.

ಮಾಮನಿಗೆ ಈ ಲೆಕ್ಕವನ್ನೆಲ್ಲ ಹೇಳಿದೆ. "ನಾವು ನಾಲ್ಕು ಸಲ ಮೆಲ್ಲಗೆ ಉಸಿರಾಡಿ ಹೋಗುವುದು, ಜೋರಾಗಿ ಎಳೆಯುವುದಿಲ್ಲ" ಎಂದರು. ಅವರ ಅಪ್ಪ ಕಲಿಸಿದ್ದಂತೆ. ನಾನು ಮೊದಲೇ ಅವರನ್ನು ಕೇಳಬಹುದಿತ್ತು.

ಈಗ ಒಬ್ಬರು ಮುಳುಗಿದರೆ ಇನ್ನೊಬ್ಬರು ಮೇಲೆಯೇ. ನೀರಿನಲ್ಲಿದ್ದ ಹೊತ್ತಿನ ಎರಡರಷ್ಟು ಹೊತ್ತು ವಿಶ್ರಾಂತಿ. ಮೇಲೆ ಬಂದವನು ಮಾತಾಡುವವರೆಗೆ ಅವನ ಮೇಲಿನಿಂದ ಕಣ್ಣು ತೆಗೆಯುವಂತಿಲ್ಲ. ಮಾಮನ ಮಗ ಮತ್ತೆ ಮುಳುಗುತ್ತಿದ್ದಾನೆ. ಟ್ಯೂಬಿನ ಮೇಲೆ ಕೂತು ಎಣಿಸುವ ಕೆಲಸ ನನ್ನದು.