ಚಿಗರಿ, ಅಡ್ಡಬಿಲ್ಲು ಮತ್ತು ಅರ್ಧ ಸೆಕೆಂಡು

ಕಳೆದ ಹಿಂಗಾರಿನ ಹೊತ್ತಿಗೆ ಔರಾದ್ ಕಡೆಯ ನನ್ನ ರೂಮ್‌ಮೇಟ್ ಮೊಬೈಲಿನಲ್ಲಿ ಒಂದು ಅಡ್ಡಬಿಲ್ಲಿನ ಚಿತ್ರ ತೋರಿಸಿದ. ಅಡ್ಡಬಿಲ್ಲು ಅಂದ್ರೆ ಕ್ರಾಸ್‌ಬೋ: ಬಂದೂಕಿನಂಥ ಹಿಡಿಕೆ, ಅದರ ಮುಂದೆ ಅಡ್ಡಲಾಗಿ ಕೂರಿಸಿದ ಬಿಲ್ಲು. “ನಮ್ಮ ಕಾಕಾನ ಕಡ್ಲಿ ಹೊಲದಾಗ ದಿನಾ ಮುಂಜಾನೆ ಚಿಗರಿ ಹಿಂಡು ಬೀಳ್ತದ. ಇದೊಂದು ಇದ್ರ ಸಪ್ಪಳ ಇಲ್ಲದಂಗ ಕೆಲಸ ಆಗ್ತದ. ನೀ ಮೆಕ್ಯಾನಿಕಲ್ ಇದ್ದಿ, ಯಾವುದು ತಗೋಬೇಕು ಹೇಳು” ಅಂದ.

ಬೈದು ಕಳಿಸಬಹುದಿತ್ತು. ಆದರೆ ಭಾಲ್ಕಿ, ಔರಾದ್, ಬೀದರ್ ಸುತ್ತಲಿನ ರೈತರ ಮನೆಯಿಂದ ಬಂದವರಿಗೆ ಈ ಸಿಟ್ಟು ಹೊಸದಲ್ಲ. ಹಾಗಾಗಿ ನೋಟ್‌ಬುಕ್ ತೆಗೆದು ಲೆಕ್ಕಕ್ಕೆ ಕೂತೆವು.

ಬಿಲ್ಲಿನ ಲೆಕ್ಕ

ಅಡ್ಡಬಿಲ್ಲು ಕೊಳ್ಳುವವರು ಮೊದಲು ನೋಡುವುದು ಎಳೆತದ ಬಲ. 150 ಪೌಂಡ್ ಅಂದರೆ ಸುಮಾರು 68 ಕೆಜಿ ತೂಕದಷ್ಟು, ಅಂದರೆ 667 ನ್ಯೂಟನ್. ಎರಡನೆಯದು ಹೆದೆ ಬಾಣವನ್ನು ತಳ್ಳುವ ದೂರ. ಅದನ್ನು 13 ಇಂಚು, ಅಂದರೆ 0.33 ಮೀಟರ್ ಅಂದುಕೊಳ್ಳಿ. ಸಾದಾ ಬಿಲ್ಲಿನಲ್ಲಿ ಬಲ ಸೊನ್ನೆಯಿಂದ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಏರುತ್ತದೆ. ಆದ್ದರಿಂದ ಕೂಡಿಟ್ಟ ಶಕ್ತಿ ½ × 667 × 0.33, ಸುಮಾರು 110 ಜೂಲ್. ಗಾಲಿ ಇರುವ ಕಾಂಪೌಂಡ್ ಬಿಲ್ಲು ಇದೇ ಬಲಕ್ಕೆ ಇನ್ನೂ ಹೆಚ್ಚು ಶಕ್ತಿ ಕೂಡಿಡುತ್ತದೆ. ಆದರೆ ಅದರ ಭಾಗಗಳು ಹೆಚ್ಚು, ರಿಪೇರಿಯೂ ಕಷ್ಟ.

ನೂರಕ್ಕೆ 80ರಷ್ಟು ಶಕ್ತಿ ಬಾಣಕ್ಕೆ ಸೇರಿತು ಅಂದುಕೊಂಡರೆ 88 ಜೂಲ್. ಬಾಣದ ತೂಕ 26 ಗ್ರಾಂ ಇದ್ದರೆ ವೇಗ ಸೆಕೆಂಡಿಗೆ 82 ಮೀಟರ್, ಗಂಟೆಗೆ ಹತ್ತಿರ ಹತ್ತಿರ 300 ಕಿಲೋಮೀಟರ್! ಇಲ್ಲಿಗೆ ನನ್ನ ಗೆಳೆಯ ಖುಷ್. ಆದರೆ ಲೆಕ್ಕ ಇನ್ನೂ ಮುಗಿದಿಲ್ಲ.

ಆ ಅರ್ಧ ಸೆಕೆಂಡು

ಚಿಗರಿ 40 ಮೀಟರ್ ದೂರದಲ್ಲಿದೆ ಅನ್ನಿ. ಗಾಳಿಯ ತಡೆ ಬಿಟ್ಟರೂ ಬಾಣ ಅಲ್ಲಿ ಮುಟ್ಟಲು 0.49 ಸೆಕೆಂಡು ಬೇಕು. ಬಿಟ್ಟ ಹೆದೆಯ ಸಪ್ಪಳ ಸೆಕೆಂಡಿಗೆ 340 ಮೀಟರ್ ಓಡಿ 0.12 ಸೆಕೆಂಡಿಗೇ ಅದರ ಕಿವಿಗೆ ಬೀಳುತ್ತದೆ. ಅಂದರೆ ಸುದ್ದಿ ಮೊದಲು, ಬಾಣ ಆಮೇಲೆ; ನಡುವೆ 0.37 ಸೆಕೆಂಡು. ಓಟದಲ್ಲಿ ಗಂಟೆಗೆ 80 ಕಿಲೋಮೀಟರ್ ಮುಟ್ಟಬಲ್ಲ ಪ್ರಾಣಿಗೆ ಬೆಚ್ಚಿ ಮೈ ತಿರುಗಿಸಲು ಅಷ್ಟು ಸಾಕು. ‘ಸಪ್ಪಳ ಇಲ್ಲ’ ಅನ್ನುವುದು ಹೊಡೆಯುವವನ ಭ್ರಮೆ.

ಇನ್ನು ಬೀಳುವ ಲೆಕ್ಕ. 40 ಮೀಟರ್ ದಾಟುವಷ್ಟರಲ್ಲಿ ಬಾಣ ಗುರುತ್ವದಿಂದ 1.16 ಮೀಟರ್ ಕೆಳಗೆ ಇಳಿಯುತ್ತದೆ. 40 ಮೀಟರಿಗೆ ಗುರಿ ಹೊಂದಿಸಿ, ಚಿಗರಿ ನಿಜಕ್ಕೂ 45 ಮೀಟರ್ ದೂರದಲ್ಲಿದ್ದರೆ ಬಾಣ ಸುಮಾರು 16 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಎದೆಗೆ ಇಟ್ಟ ಗುರಿ ಕಾಲಿಗೋ ಹೊಟ್ಟೆಗೋ ತಾಗುತ್ತದೆ. ಬಯಲು ಹೊಲದಲ್ಲಿ ಬರೀ ಕಣ್ಣಳತೆಯಿಂದ 5 ಮೀಟರ್ ತಪ್ಪುವುದು ದೊಡ್ಡ ಮಾತಲ್ಲ.

ಬಾಣ ಕೊಲ್ಲುವುದು ಕೊಯ್ದು ರಕ್ತ ಹರಿಸಿ. ಸರಿಯಾಗಿ ತಾಗಿದರೂ ಪ್ರಾಣಿ ಓಡಿಹೋಗಿಯೇ ಬೀಳುತ್ತದೆ. ತಪ್ಪಿ ತಾಗಿದರೆ ದಿನಗಟ್ಟಲೆ ನರಳುತ್ತದೆ. ಅಡ್ಡಬಿಲ್ಲಿನ ಜಿಂಕೆ ಬೇಟೆಗೆ ಅವಕಾಶ ಇರುವ ಅಮೆರಿಕದ ರಾಜ್ಯಗಳಲ್ಲೂ ಲೈಸೆನ್ಸ್, ಋತು, ನಿಯಮ ಎಲ್ಲ ಉಂಟು.

ಕಾನೂನು ಏನು ಹೇಳುತ್ತದೆ?

ನಮ್ಮಲ್ಲಿ ಆ ಬಾಗಿಲೇ ಮುಚ್ಚಿದೆ. ಚಿಗರಿ ಅಂದರೆ ಕೃಷ್ಣಮೃಗ. ರೂಢಿಯಲ್ಲಿ ಜಿಂಕೆ ಅಂದರೂ ಅದು ಜಿಂಕೆಯ ಜಾತಿಯದಲ್ಲ: ಜಿಂಕೆಯ ಕವಲುಕೊಂಬು ವರ್ಷಕ್ಕೊಮ್ಮೆ ಉದುರುತ್ತದೆ, ಚಿಗರಿಯ ಸುರುಳಿಕೊಂಬು ಉದುರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿ ಅದು ಇದೆ. ಕಾಯ್ದೆಯ ‘ಆಯುಧ’ ಎಂಬ ವ್ಯಾಖ್ಯೆಯಲ್ಲಿ ಬಿಲ್ಲು-ಬಾಣದ ಹೆಸರೇ ಇದೆ. ಕೊಲ್ಲುವುದಷ್ಟೇ ಅಲ್ಲ, ಕೊಲ್ಲುವ ಪ್ರಯತ್ನವೂ ಗಾಯ ಮಾಡುವುದೂ ಬೇಟೆಯೇ. ಶಿಕ್ಷೆ 3ರಿಂದ 7 ವರ್ಷ ಜೈಲು, 2022ರ ತಿದ್ದುಪಡಿಯ ನಂತರ ಕನಿಷ್ಠ 25,000 ರೂಪಾಯಿ ದಂಡ. ಬೆಳೆ ತಿಂದಿತೆಂದು ಈ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು ಅನುಮತಿ ಸಿಗುವುದಿಲ್ಲ.

ನಮ್ಮ ಜಿಲ್ಲೆಯದೇ ಬಸವಕಲ್ಯಾಣದಿಂದ ಆಳಿದ ಮೂರನೇ ಸೋಮೇಶ್ವರ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಬೇಟೆಯನ್ನು ರಾಜರ ವಿನೋದವಾಗಿ ಬರೆದಿಟ್ಟಿದ್ದಾನೆ. ಆ ಕಾಲ ಹೋಯಿತು, ಅಷ್ಟು ಅಡವಿಯೂ ಉಳಿದಿಲ್ಲ.

ಹಾಗಾದರೆ ಬಿಲ್ಲು ಬೇಡವೇ?

ಗುರಿ ಹಲಗೆಗೆ ಹೊಡೆಯುವ ಆಸೆ ಇದ್ದರೆ ತರಬೇತುದಾರರ ಎದುರಿಗೇ ಕಲಿಯಿರಿ. ಈ ನಾಲ್ಕು ಮಾತು ನೆನಪಿರಲಿ:

1. ಕಡಿಮೆ ಎಳೆತದ ಸಾದಾ ಬಿಲ್ಲಿನಿಂದ ಶುರು ಮಾಡಿ. ಗುರಿ ಕಲಿಯಲು 150 ಪೌಂಡ್ ಬೇಕಿಲ್ಲ.
2. ಬಾಣವಿಲ್ಲದೆ ಟ್ರಿಗರ್ ಒತ್ತಬೇಡಿ. ಬಾಣಕ್ಕೆ ಹೋಗಬೇಕಾದ ಶಕ್ತಿ ಬಿಲ್ಲಿಗೇ ಹೊಡೆದು ತೋಳು ಸೀಳಬಹುದು. ಕಂಪನಿ ಹೇಳಿದ್ದಕ್ಕಿಂತ ಹಗುರ ಬಾಣವೂ ಬೇಡ.
3. ಹೆಬ್ಬೆರಳು ಯಾವಾಗಲೂ ಹೆದೆ ಓಡುವ ದಾರಿಯ ಕೆಳಗಿರಲಿ.
4. ಗುರಿಯ ಹಿಂದೆ ಮಣ್ಣಿನ ದಿಬ್ಬ ಇರಲಿ. ಬಯಲಿನಲ್ಲಿ ತಪ್ಪಿದ ಬಾಣ ಎಲ್ಲಿ ನಿಲ್ಲುತ್ತದೋ ಹೇಳಲಾಗದು.

ಕಾಕಾನ ಕಡ್ಲಿ?

ನಿಜವಾದ ಪ್ರಶ್ನೆ ಇದೇ. ಪಹಣಿ, ಹಾನಿಯ ಫೋಟೋ ಹಿಡಿದು ವಲಯ ಅರಣ್ಯ ಕಚೇರಿಯಲ್ಲಿ ಬೆಳೆಹಾನಿಯ ಅರ್ಜಿ ಕೊಡುವುದು ಮೊದಲ ಕೆಲಸ. ಹೊಲದ ಸುತ್ತ ಹಳೆ ಸೀರೆ ಕಟ್ಟುವುದು ಅಗ್ಗದ ಉಪಾಯ. ಕರೆಂಟ್ ತಂತಿ ಮಾತ್ರ ಬೇಡವೇ ಬೇಡ. ಅದಕ್ಕೆ ಚಿಗರಿಯೂ ಒಂದೇ, ನೀರು ಬಿಡಲು ಹೋದ ಮನುಷ್ಯನೂ ಒಂದೇ.

ನಮ್ಮಂಥವರಿಗೂ ಇಲ್ಲಿ ಕೆಲಸ ಇದೆ. ಪ್ರಾಣಿ ಬಂದದ್ದನ್ನು ಗುರುತಿಸುವ ಸೆನ್ಸರ್, ಒಂದು ದೀಪ, ಒಂದು ಹಾರ್ನ್. ಒಂದೇ ಸದ್ದಿಗೆ ಪ್ರಾಣಿ ಬೇಗ ಒಗ್ಗಿಕೊಳ್ಳುತ್ತದೆ, ಆದ್ದರಿಂದ ಸದ್ದೂ ಸಮಯವೂ ಬದಲಾಗುತ್ತಿರಬೇಕು. ಈ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ನಾವಿಬ್ಬರೂ ಇದನ್ನೇ ಹಿಡಿದಿದ್ದೇವೆ. ಕಾಕಾನಿಗೆ ಫೋನ್ ಮಾಡಿ ಹೇಳಿದಾಗ ಅವರು ಅಂದದ್ದು: “ಚಿಗರಿನೂ ಉಳೀಲಿ, ನನ್ನ ಕಡ್ಲಿನೂ ಉಳೀಲಿ. ಅಷ್ಟು ಮಾಡ್ರಪಾ, ನಿಮ್ಮ ಇಂಜಿನಿಯರಿಂಗ್ ನಾ ಒಪ್ತೀನಿ.”