ಕೇಳುವ ಮುನ್ನ ಕೀಲಿ ಯಾರ ಬಳಿ ಇದೆ ನೋಡು

ಪುಟ್ಟಿ,

ನಿನಗೆ ಎಂಎಸ್‌ಪಿಯೊಬ್ಬರ ಕಚೇರಿಯಲ್ಲಿ ಕೆಲಸ ಸಿಕ್ಕಿತೆಂದು ನಿನ್ನಪ್ಪ ಊರಿಂದ ಫೋನ್ ಮಾಡಿದ್ದ. ಹೆಮ್ಮೆಯೂ ಇತ್ತು, ಗೊಂದಲವೂ ಇತ್ತು. 'ಅಣ್ಣಾ, ಇದು ಸರ್ಕಾರಿ ಕೆಲಸವೋ, ಪಾರ್ಟಿ ಕೆಲಸವೋ?' ಅಂದ. ಎರಡೂ ಅಲ್ಲ ಮಾರಾಯ, ಸ್ಕಾಟ್ಲೆಂಡಿನ ಶಾಸಕರ ಹತ್ತಿರ ಬರುವ ಜನರ ಕಷ್ಟ ಕೇಳಿ, ಅದನ್ನು ಸರ್ಕಾರಕ್ಕೆ ಹಾಕುವ ಪ್ರಶ್ನೆಯಾಗಿ ಬರೆದುಕೊಡುವ ಕೆಲಸ ಅಂದೆ. 'ಹಾಗಾದರೆ ನಿನ್ನ ಹಾಗೆ ಕೊಕ್ಕೆ ಹಾಕುವ ಕೆಲಸ' ಅಂತ ನಕ್ಕ. ಇಲ್ಲಿನ ಕೌನ್ಸಿಲ್ ಒಂದರ ತೆರಿಗೆ ವಿಭಾಗದಲ್ಲಿ ಕೂತೇ ತಲೆ ನರೆತವನು ನಾನು. ನಿವೃತ್ತಿಯಾದ ಮೇಲೆ ಸ್ಕಾಟ್ಲೆಂಡಿನ ಪಾರ್ಲಿಮೆಂಟಾದ ಹಾಲಿರೂಡಿನ ಪ್ರಶ್ನೋತ್ತರ ನೋಡುವುದೇ ಚಟ. ನಿನ್ನ ಪಾಲಿಗೆ ನ್ಯಾಯ, ವಸತಿ, ಸ್ಥಳೀಯ ತೆರಿಗೆ ಬಂದಿವೆಯಂತೆ. ಹಾಗಾಗಿ ದೊಡ್ಡಪ್ಪನ ಕಿವಿಮಾತು ಸ್ವಲ್ಪ ಉದ್ದವಾದರೂ ಸಹಿಸಿಕೋ.

ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಫಸ್ಟ್ ಮಿನಿಸ್ಟರ್‌ಗೆ ಕೇಳುವ ಪ್ರಶ್ನೆಗಳಿವೆಯಲ್ಲ, ಟಿವಿಯಲ್ಲಿ ಬರುವುದು, ಅದಕ್ಕೆ ಮರುಳಾಗಬೇಡ. ಮುಕ್ಕಾಲು ಗಂಟೆಯ ಆ ಜಗಳದಲ್ಲಿ ಯಾರು ಯಾರನ್ನು ಕೆಡವಿದರು ಎಂಬುದಷ್ಟೇ ಸಂಜೆಯ ಸುದ್ದಿ. ನಿಜವಾದ ಕೆಲಸ ನಡೆಯುವುದು ಲಿಖಿತ ಪ್ರಶ್ನೆಗಳಲ್ಲಿ. ಅವಕ್ಕೆ ಸಾಮಾನ್ಯವಾಗಿ ಹತ್ತು ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು, ಕೊಟ್ಟ ಉತ್ತರ ದಾಖಲೆಯಲ್ಲಿ ಉಳಿಯುತ್ತದೆ. ಆಮೇಲೆ ಖಾತೆವಾರು ಮೌಖಿಕ ಪ್ರಶ್ನೆಗಳು. ಅಲ್ಲಿ ಯಾರು ಕೇಳಬೇಕೆಂಬುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ. ಮೊದಲ ಪ್ರಶ್ನೆ ಸಚಿವರಿಗೆ ಮುಂಚೆಯೇ ಗೊತ್ತಿರುತ್ತದೆ, ಉಪಪ್ರಶ್ನೆ ಗೊತ್ತಿರುವುದಿಲ್ಲ. ನಮ್ಮ ವಿಧಾನಸೌಧದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗೂ ಇದೇ ಮರ್ಮ ತಾನೇ? ಅಚ್ಚಾಗಿ ಬಂದ ಪ್ರಶ್ನೆ ಸಪ್ಪೆಯಾಗಿದ್ದರೂ ಚಿಂತೆಯಿಲ್ಲ, ಅದರ ಹಿಂದೆ ಉಪಪ್ರಶ್ನೆಯನ್ನು ಸಾಣೆ ಹಿಡಿದು ಇಟ್ಟುಕೊಂಡಿರು.

ಈಗ ಮುಖ್ಯ ಮಾತು. ಎಡಿನ್‌ಬರೊದ ಸರ್ಕಾರ ನಡುಮನೆಯ ಸರ್ಕಾರ. ಮೇಲೆ ಲಂಡನ್, ಕೆಳಗೆ 32 ಕೌನ್ಸಿಲ್‌ಗಳು. 1998ರ ಸ್ಕಾಟ್ಲೆಂಡ್ ಕಾಯ್ದೆ ಲಂಡನ್ನಿಗೆ ಉಳಿದ ವಿಷಯಗಳನ್ನು ಮಾತ್ರ ಪಟ್ಟಿ ಮಾಡಿ, ಮಿಕ್ಕಿದ್ದನ್ನೆಲ್ಲ ಇಲ್ಲಿಗೆ ಬಿಟ್ಟಿತು. ಹಾಗಾಗಿ ಪೊಲೀಸು, ಕೋರ್ಟು, ಜೈಲು, ಮನೆ, ಮನೆ ತೆರಿಗೆ ಎಲ್ಲವೂ ಇಲ್ಲಿನವೇ. ವೇಲ್ಸ್‌ನಲ್ಲಿ ಹಾಗಿಲ್ಲ. ಅಲ್ಲಿ ಪೊಲೀಸು, ಕೋರ್ಟುಗಳು ಇನ್ನೂ ಲಂಡನ್ನಿನ ಕೈಯಲ್ಲೇ ಇವೆ. ಕಾಗದದ ಮೇಲೆ ಇಷ್ಟು ಸ್ಪಷ್ಟವಿದ್ದರೂ ಉತ್ತರ ಕೊಡುವ ಹೊತ್ತಿಗೆ ಕೀಲಿಕೈ ಯಾವಾಗಲೂ ಇನ್ನೊಬ್ಬರ ಸೊಂಟದಲ್ಲಿರುತ್ತದೆ. ವಸತಿಯ ಬಗ್ಗೆ ಕೇಳಿದರೆ ಸಚಿವರು ಮೇಲೆ ತೋರಿಸುತ್ತಾರೆ, ತೆರಿಗೆ ಕೇಳಿದರೆ ಕೆಳಗೆ, ನ್ಯಾಯ ಕೇಳಿದರೆ ಪಕ್ಕಕ್ಕೆ. ಅವರು ಬೆರಳು ತೋರುವ ಮೊದಲೇ ಆ ದಿಕ್ಕಿನಲ್ಲಿ ನಿಜವಾಗಿ ಯಾರು ನಿಂತಿದ್ದಾರೆಂದು ನೀನು ನೋಡಿಕೊಂಡು ಬಂದಿರಬೇಕು.

ತೆರಿಗೆಯಿಂದ ಶುರು ಮಾಡುತ್ತೇನೆ, ಅದು ನನ್ನ ಅನ್ನ. ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದಾಗ ನಿನಗೆ ಕೌನ್ಸಿಲ್ ಟ್ಯಾಕ್ಸ್ ಇರಲಿಲ್ಲ, ಈಗ ಬಿಲ್ ಬರುತ್ತದೆ. ಒಬ್ಬಳೇ ಇರುವೆಯಾದರೆ ಕಾಲು ಭಾಗ ರಿಯಾಯಿತಿ ಇದೆ, ಅರ್ಜಿ ಹಾಕಲು ಮರೆಯಬೇಡ. ಬಿಲ್ ಬಂದಾಗ ನಿನ್ನ ಮನೆಯ ದರ್ಜೆ ನೋಡು. 'ಎ'ಯಿಂದ 'ಎಚ್'ವರೆಗೆ ಎಂಟು ದರ್ಜೆ. ಆ ದರ್ಜೆ ನಿಂತಿರುವುದು 1991ರ ಏಪ್ರಿಲ್ 1ರಂದು ಆ ಮನೆ ಎಷ್ಟಕ್ಕೆ ಮಾರಾಟವಾಗುತ್ತಿತ್ತು ಎಂಬ ಅಂದಾಜಿನ ಮೇಲೆ. ಹೋದ ವರ್ಷ ಕಟ್ಟಿ ಮುಗಿಸಿದ ಫ್ಲ್ಯಾಟಿಗೂ ಅದೇ ಲೆಕ್ಕ! ಹುಟ್ಟದ ಮಗುವಿನ ಜಾತಕ ಬರೆದ ಹಾಗೆ, ಇಲ್ಲದ ಮನೆಗೆ ಇಲ್ಲದ ಬೆಲೆ ಕಟ್ಟಿ ದರ್ಜೆ ಕೊಡುತ್ತಿದ್ದರು ನಮ್ಮ ಜಿಲ್ಲೆಯ ಮೌಲ್ಯಮಾಪಕರು. ಆಗ 27,000 ಪೌಂಡಿನೊಳಗಿದ್ದ ಮನೆ 'ಎ', 2,12,000 ದಾಟಿದ್ದು 'ಎಚ್'. ಆ ಮೇಲಿನದು ಎಷ್ಟೇ ದೊಡ್ಡ ಬಂಗಲೆಯಾಗಲಿ, 'ಎ' ಮನೆಯ ನಾಲ್ಕು ಪಟ್ಟಿನಷ್ಟೂ ತೆರಿಗೆ ಕಟ್ಟುವುದಿಲ್ಲ. ಅದೂ 2017ರಲ್ಲಿ ಮೇಲಿನ ನಾಲ್ಕು ದರ್ಜೆಗಳಿಗೆ ಹೆಚ್ಚಿಸಿದ ಮೇಲಿನ ಮಾತು. 2015ರಲ್ಲಿ ಇದಕ್ಕೆಂದೇ ಕೂತ ಆಯೋಗ ಈ ಪದ್ಧತಿ ಕೊನೆಯಾಗಬೇಕೆಂದು ಹೇಳಿತ್ತು. ಪದ್ಧತಿ ಇನ್ನೂ ಇದೆ.

ಯಾಕೆ ಮುಟ್ಟುವುದಿಲ್ಲ? ಮರುಮೌಲ್ಯಮಾಪನ ಮಾಡಿದರೆ ಕೆಲವರ ತೆರಿಗೆ ಇಳಿದು ಕೆಲವರದು ಏರುತ್ತದೆ, ಇಳಿದವರು ಸುಮ್ಮನಿರುತ್ತಾರೆ, ಏರಿದವರು ಬೀದಿಗಿಳಿಯುತ್ತಾರೆ. ಮಾರ್ಗರೆಟ್ ಥ್ಯಾಚರ್ ಕಾಲದ ತಲೆಗಂದಾಯವನ್ನು ಇಂಗ್ಲೆಂಡಿಗಿಂತ ಒಂದು ವರ್ಷ ಮೊದಲೇ, 1989ರಲ್ಲಿ, ಸ್ಕಾಟ್ಲೆಂಡಿನ ಮೇಲೆ ಹೇರಿದ್ದರು. ಆಗ ಎದ್ದ ಸಿಟ್ಟು ಇಲ್ಲಿನ ಹಳಬರಿಗೆ ಇನ್ನೂ ನೆನಪಿದೆ, ರಾಜಕಾರಣಿಗಳಿಗೆ ಅದಕ್ಕಿಂತ ಚೆನ್ನಾಗಿ ನೆನಪಿದೆ. ವೇಲ್ಸ್‌ನವರು ಮಾತ್ರ ಧೈರ್ಯ ಮಾಡಿ 2003ರ ಬೆಲೆಗಳಿಗೆ ಬದಲಾಯಿಸಿಕೊಂಡರು.

ಮುಟ್ಟುವ ಬದಲು ಸ್ತಂಭನ ಮಾಡುತ್ತಾರೆ. 2008ರಿಂದ ಒಂಬತ್ತು ವರ್ಷ ತೆರಿಗೆ ಏರಲೇ ಇಲ್ಲ. ಮತ್ತೆ 2023ರ ಅಕ್ಟೋಬರಿನಲ್ಲಿ ಆಗಿನ ಫಸ್ಟ್ ಮಿನಿಸ್ಟರ್ ಹಮ್ಜಾ ಯೂಸುಫ್ ತಮ್ಮ ಪಕ್ಷದ ಸಮಾವೇಶದ ವೇದಿಕೆಯಿಂದ ಮುಂದಿನ ವರ್ಷವೂ ತೆರಿಗೆ ಏರುವುದಿಲ್ಲ ಅಂದುಬಿಟ್ಟರು. ಪರಸ್ಪರ ಕೇಳಿಕೊಂಡು ನಡೆಯೋಣವೆಂದು ಕೌನ್ಸಿಲ್‌ಗಳ ಒಕ್ಕೂಟದ ಜೊತೆ ಜೂನ್‌ನಲ್ಲಷ್ಟೇ ಒಪ್ಪಂದಕ್ಕೆ ಸಹಿ ಮಾಡಿದ್ದ ಸರ್ಕಾರ ಅದು. ಅತ್ತೆ ಸೊತ್ತು ಅಳಿಯ ದಾನ ಮಾಡಿದ ಅಂತಾರಲ್ಲ, ಆ ಜಾತಿಯದು. ಪರಿಹಾರವೆಂದು ಒಂದಿಷ್ಟು ಹಣ ಕೊಟ್ಟರು ನಿಜ. ಆದರೆ ಎಷ್ಟು ಏರಿಸಬೇಕೆಂದಿದ್ದೆವು ಎಂಬುದನ್ನು ಕೌನ್ಸಿಲ್ ಹೇಳುವ ಮೊದಲೇ ಪರಿಹಾರದ ಅಳತೆಯನ್ನೂ ಸರ್ಕಾರವೇ ಗೊತ್ತುಮಾಡಿತ್ತು. ಮರುವರ್ಷ ಕಟ್ಟೆ ಒಡೆಯಿತು. ಫಾಲ್ಕರ್ಕ್ ಕೌನ್ಸಿಲ್ ಒಂದೇ ಏಟಿಗೆ ಶೇ 15.6ರಷ್ಟು ಏರಿಸಿತು. ಆಗ ಸಭೆಯಲ್ಲಿ ಸಚಿವರನ್ನು ಕೇಳಿದರೆ ತಯಾರಿದ್ದ ಉತ್ತರ: ತೆರಿಗೆ ದರ ನಿಗದಿ ಕೌನ್ಸಿಲ್‌ಗಳ ಅಧಿಕಾರ.

ಇಲ್ಲಿ ನೀನು ಹೇಗೆ ಬರೆಯಬೇಕು ಗೊತ್ತೇ? 'ಈ ಅನ್ಯಾಯದ ಏರಿಕೆಗೆ ಸರ್ಕಾರ ಏನು ಹೇಳುತ್ತದೆ' ಎಂದು ಬರೆದರೆ ನೀನೇ ಬಾಗಿಲು ತೆರೆದು ಬಿಟ್ಟಂತೆ. ಏರಿಕೆ ಕೌನ್ಸಿಲಿನದು, ಸರಿ. ದರ್ಜೆಗಳ ಕಾನೂನು, 1991ರ ಮೌಲ್ಯ, ಕೌನ್ಸಿಲ್‌ಗಳ ಆದಾಯದ ದೊಡ್ಡ ಪಾಲಾದ ಅನುದಾನ, ಇವು ಯಾರವು? 'ಮರುಮೌಲ್ಯಮಾಪನಕ್ಕೆ ತಗಲುವ ವೆಚ್ಚವನ್ನು ಸರ್ಕಾರ ಕೊನೆಯ ಸಲ ಅಂದಾಜು ಮಾಡಿದ್ದು ಯಾವಾಗ, ಆ ಅಂದಾಜನ್ನು ಪ್ರಕಟಿಸುವುದೇ' ಎಂದು ಕೇಳು. ಇದಕ್ಕೆ ಕೆಳಗೆ ಬೆರಳು ತೋರಲಾಗದು. ಇನ್ನೊಂದು ಸಣ್ಣ ಸಂಗತಿ, ಕ್ಷೇತ್ರದವರು ಇದನ್ನು ಬಹಳ ಕೇಳುತ್ತಾರೆ: ಅದೇ ಬಿಲ್ಲಿನಲ್ಲಿ ನೀರು, ಒಳಚರಂಡಿಯ ಶುಲ್ಕವೂ ಇರುತ್ತದೆ. ಅದು ಸ್ಕಾಟಿಷ್ ವಾಟರ್‌ನದು, ಕೌನ್ಸಿಲ್ ಬರೀ ವಸೂಲಿ ಮಾಡಿಕೊಡುತ್ತದೆ. ಸ್ತಂಭನದ ವರ್ಷ ಅದು ಏರಿತ್ತು. 'ಏರುವುದಿಲ್ಲ ಅಂದರಲ್ಲ, ಬಿಲ್ ಯಾಕೆ ಏರಿತು' ಎಂದು ಕೌಂಟರಿನಲ್ಲಿ ಬೈಸಿಕೊಂಡವರು ನಮ್ಮಂಥ ಗುಮಾಸ್ತರು.

ವಸತಿಯ ವಿಷಯ ಬೇರೆ ಥರ. ಅಲ್ಲಿ ಅಂಕಿಗಳೇ ಮಾಯೆ. 2024ರ ಮೇ 15ರಂದು ಹಾಲಿರೂಡಿನಲ್ಲಿ ವಸತಿ ತುರ್ತುಸ್ಥಿತಿ ಇದೆಯೆಂದು ಸರ್ಕಾರವೇ ಒಪ್ಪಿಕೊಂಡಿತು. ಆರ್ಗೈಲ್ ಆ್ಯಂಡ್ ಬ್ಯೂಟ್, ಎಡಿನ್‌ಬರೊ, ಗ್ಲಾಸ್ಗೊ ಕೌನ್ಸಿಲ್‌ಗಳು ಹಿಂದಿನ ವರ್ಷವೇ ಹಾಗೆ ಸಾರಿದ್ದವು. ಸರ್ಕಾರ ಹಾಗೆ ಒಪ್ಪಿಕೊಂಡ ಆರ್ಥಿಕ ವರ್ಷದ ಬಜೆಟ್ಟಿನಲ್ಲೇ ಕೈಗೆಟುಕುವ ಮನೆಗಳ ಯೋಜನೆಗೆ 19.6 ಕೋಟಿ ಪೌಂಡ್ ಕತ್ತರಿ ಬಿದ್ದಿತ್ತು. ಮುಂದಿನ ವರ್ಷ 76.8 ಕೋಟಿಗೆ ಏರಿಸಿದರು. 'ದೊಡ್ಡ ಏರಿಕೆ' ಅನ್ನುವುದು ಸುಳ್ಳಲ್ಲ. ಕತ್ತರಿ ಹಾಕುವ ಹಿಂದಿನ ವರ್ಷ 75.2 ಕೋಟಿ ಇತ್ತು ಅನ್ನುವುದೂ ಸುಳ್ಳಲ್ಲ. ಯಾವ ವರ್ಷದಿಂದ ಎಣಿಸುತ್ತಾರೋ ಅದೇ ಅವರ ವಾದ. ಆದ್ದರಿಂದ ಹೋಲಿಕೆಯ ವರ್ಷವನ್ನು ಸಚಿವರ ಆಯ್ಕೆಗೆ ಬಿಡಬೇಡ, ಪ್ರಶ್ನೆಯಲ್ಲೇ ಬರೆದುಬಿಡು.

ಮನೆಗಳ ಎಣಿಕೆಯೂ ಅಷ್ಟೆ. 2032ರ ಮಾರ್ಚಿನೊಳಗೆ 1,10,000 ಕೈಗೆಟುಕುವ ಮನೆ, ಅದರಲ್ಲಿ ಕನಿಷ್ಠ ಶೇ 70 ಸಾಮಾಜಿಕ ಬಾಡಿಗೆಗೆ. ಗುರಿ ಇದು. ಆದರೆ ಮಂಜೂರಾದ ಮನೆ ಬೇರೆ, ಪಾಯ ತೋಡಿದ ಮನೆ ಬೇರೆ, ಬೀಗದ ಕೈ ಕೊಟ್ಟ ಮನೆ ಬೇರೆ. ಮೂರಕ್ಕೂ ಮೂರು ತಿಂಗಳಿಗೊಮ್ಮೆ ಬೇರೆಬೇರೆ ಅಂಕಿ ಪ್ರಕಟವಾಗುತ್ತದೆ. ಪೂರ್ಣಗೊಂಡದ್ದರ ಲೆಕ್ಕದಲ್ಲಿ ಹೊಸದಾಗಿ ಕಟ್ಟಿದ್ದರ ಜೊತೆ ಮಾರುಕಟ್ಟೆಯಲ್ಲಿ ಕೊಂಡದ್ದು, ಹಳೆಯದನ್ನು ದುರಸ್ತಿ ಮಾಡಿದ್ದು ಎಲ್ಲ ಸೇರುತ್ತವೆ. ಕೊಂಡ ಮನೆ ತಪ್ಪೆಂದಲ್ಲ. ಹೋಟೆಲ್ ಕೋಣೆಯಲ್ಲಿ ಮಕ್ಕಳನ್ನಿಟ್ಟುಕೊಂಡ ತಾಯಿಗೆ ಅದು ಬೇಗ ಸಿಗುತ್ತದೆ. ಆದರೆ ಊರಿನಲ್ಲಿ ಮನೆಗಳ ಸಂಖ್ಯೆ ಒಂದೂ ಹೆಚ್ಚಾಗಿರುವುದಿಲ್ಲ. 'ಹೊಸದಾಗಿ ಕಟ್ಟಿ ಪೂರ್ಣಗೊಂಡ, ಸಾಮಾಜಿಕ ಬಾಡಿಗೆಯ, ನಮ್ಮ ಕೌನ್ಸಿಲ್ ವ್ಯಾಪ್ತಿಯ, ಇಂಥ ವರ್ಷದ' ಎಂದು ನಾಲ್ಕೂ ಕಡೆ ಬೇಲಿ ಹಾಕಿ ಕೇಳು. ಶಾಸಕರಿಗೆಂದೇ ಪಾರ್ಲಿಮೆಂಟಿನ ಮಾಹಿತಿ ಕೇಂದ್ರ ಇದೆ, ಯಾವ ಪಕ್ಷಕ್ಕೂ ವಾಲದ ಸಂಶೋಧಕರು ಅಲ್ಲಿದ್ದಾರೆ. ಬರೆಯುವ ಮುಂಚೆ ಅವರಿಗೊಂದು ಮಾತು ಕೇಳಿದರೆ ಅರ್ಧ ಬೇಲಿ ಅವರೇ ಹಾಕಿಕೊಡುತ್ತಾರೆ.

ಇಲ್ಲಿನ ಕಾನೂನನ್ನು ನೋಡಿದರೆ ನಿನಗೆ ಆಶ್ಚರ್ಯವಾಗಬಹುದು. ಉದ್ದೇಶಪೂರ್ವಕವಾಗಿಯಲ್ಲದೆ ಮನೆ ಕಳೆದುಕೊಂಡ ಯಾರಿಗೇ ಆಗಲಿ ನೆಲೆ ಒದಗಿಸುವ ಹೊಣೆ 2012ರ ಕೊನೆಯಿಂದ ಕೌನ್ಸಿಲಿನದು. ಜಗತ್ತಿನ ಗಟ್ಟಿ ಕಾನೂನುಗಳಲ್ಲಿ ಒಂದು. ಆದರೂ ತಾತ್ಕಾಲಿಕ ವಸತಿಯಲ್ಲಿರುವ ಮಕ್ಕಳ ಸಂಖ್ಯೆ ಹತ್ತು ಸಾವಿರ ದಾಟಿತು. ಹಕ್ಕಿದೆ, ಮನೆಯಿಲ್ಲ. 1980ರ ನಂತರ ಬಾಡಿಗೆದಾರರಿಗೆ ಅಗ್ಗದ ದರದಲ್ಲಿ ಮಾರಿದ ಸರ್ಕಾರಿ ಮನೆಗಳೇ ಹೆಚ್ಚುಕಡಿಮೆ ಐದು ಲಕ್ಷ. ಆ ಮಾರಾಟ ನಿಂತದ್ದು 2016ರಲ್ಲಿ. ಸಭೆಯ ಯಾವ ಬೆಂಚಿನವರೂ ಈ ಚರಿತ್ರೆಯಿಂದ ಪೂರ್ತಿ ಕೈ ತೊಳೆದುಕೊಂಡವರಲ್ಲ, ನಿಮ್ಮ ಎಂಎಸ್‌ಪಿಯ ಪಕ್ಷವೂ ಸೇರಿ. ಕೇಳುವಾಗ ಅದು ನೆನಪಿದ್ದರೆ ದನಿ ತಾನಾಗಿ ತಗ್ಗುತ್ತದೆ.

ಮೇಲೆ ತೋರಿಸುವ ಬೆರಳಿನ ಬಗ್ಗೆ ಒಂದು ಮಾತು. ಲಂಡನ್ನಿನಿಂದ ಬರುವ ಬಂಡವಾಳದ ಹಣ ಕಡಿಮೆಯಾಯಿತು ಎಂದು ಸಚಿವರು ಹೇಳಿದಾಗ ಅದು ಪ್ರತಿ ಸಲವೂ ನೆಪವಲ್ಲ. ಇಲ್ಲಿನ ಬೊಕ್ಕಸ ಬಹುಪಾಲು ಅಲ್ಲಿಂದ ಬರುವ ಗಂಟಿನ ಮೇಲೆ ನಿಂತಿದೆ, ಸಾಲ ಎತ್ತುವುದಕ್ಕೂ ಮಿತಿ ಇದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡ. ಬಂದ ಗಂಟು ಎಷ್ಟು ಕುಗ್ಗಿತು, ಅದರಲ್ಲಿ ವಸತಿಯ ಪಾಲು ಎಷ್ಟು ಕುಗ್ಗಿತು ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳು. ಮೊದಲನೆಯದು ಲಂಡನ್ನಿನ ನಿರ್ಧಾರ. ಎರಡನೆಯದು ಹೆಚ್ಚು ಕುಗ್ಗಿದ್ದರೆ ಆ ವ್ಯತ್ಯಾಸ ಎಡಿನ್‌ಬರೊದ್ದು, ಅಷ್ಟಕ್ಕೆ ಮಾತ್ರ ಲೆಕ್ಕ ಕೇಳು.

ನ್ಯಾಯದ ಖಾತೆಯಲ್ಲಿ ಹೆಚ್ಚು ಹುಷಾರಾಗಿರು. ಕೋರ್ಟಿನಲ್ಲಿರುವ ಪ್ರಕರಣದ ಬಗ್ಗೆ ಕೇಳುವಂತಿಲ್ಲ, ಅದು ಒಳ್ಳೆಯ ನಿಯಮ. ಯಾರ ಮೇಲೆ ಮೊಕದ್ದಮೆ ಹೂಡಬೇಕೆಂಬುದು ಲಾರ್ಡ್ ಅಡ್ವೊಕೇಟ್‌ರ ಸ್ವತಂತ್ರ ತೀರ್ಮಾನ, ಯಾವ ಬೀದಿಗೆ ಎಷ್ಟು ಪೊಲೀಸರು ಎಂಬುದು ಚೀಫ್ ಕಾನ್‌ಸ್ಟೆಬಲ್‌ರದು. ಈ ಗೋಡೆ ಬೇಕು. ನಮ್ಮ ಕಡೆ ಮಂತ್ರಿಯ ಫೋನಿಗೆ ಸ್ಟೇಷನ್ ಅಲುಗಾಡುವುದನ್ನು ಕಂಡ ನಮಗಂತೂ ಅದರ ಬೆಲೆ ಗೊತ್ತು. ಆದರೆ ಆ ಗೋಡೆಯ ಮರೆಗೆ ತಮ್ಮದೇ ಕೆಲಸವನ್ನು ಸರಿಸಿದರೆ ಒಪ್ಪಬೇಡ. ಗ್ಲಾಸ್ಗೊದ ಬಾರ್ಲಿನಿ ಜೈಲು ತೆರೆದದ್ದು 1882ರಲ್ಲಿ. ಅದರ ಬದಲು ಕಟ್ಟುತ್ತಿರುವ ಹೊಸ ಜೈಲಿನ ಖರ್ಚು ನೂರು ಕೋಟಿ ಪೌಂಡಿನ ಹತ್ತಿರಕ್ಕೆ ಬಂದಿದೆ. ಜೈಲುಗಳು ತುಂಬಿ 2024ರ ಬೇಸಿಗೆಯಲ್ಲಿ 477 ಕೈದಿಗಳನ್ನು ಅವಧಿಗೆ ಮುಂಚೆ ಬಿಟ್ಟರು. ಮರುವರ್ಷ ಕಾನೂನನ್ನೇ ತಿದ್ದಿ, ನಾಲ್ಕು ವರ್ಷದೊಳಗಿನ ಶಿಕ್ಷೆಯಾದ ಬಹುತೇಕರು ಅರ್ಧದ ಬದಲು ಶೇ 40 ಮುಗಿಸಿದರೆ ಹೊರಬರುವಂತೆ ಮಾಡಿದರು. ಇದರಲ್ಲಿ ನ್ಯಾಯಾಧೀಶರದೂ ಪೊಲೀಸರದೂ ಏನೂ ಇಲ್ಲ. ಬಿಟ್ಟವರಲ್ಲಿ ಎಷ್ಟು ಮಂದಿ ಮತ್ತೆ ಒಳಗೆ ಬಂದರು, ನೊಂದವರಲ್ಲಿ ಎಷ್ಟು ಮಂದಿಗೆ ಮುಂಚೆ ತಿಳಿಸಲಾಯಿತು, ಹೊರಬಂದವರಲ್ಲಿ ಎಷ್ಟು ಮಂದಿ ಅಂದು ರಾತ್ರಿಯೇ ಮನೆಯಿಲ್ಲದವರ ಪಟ್ಟಿಗೆ ಸೇರಿದರು? ಕೊನೆಯದನ್ನು ಯಾರೂ ಕೇಳುವುದಿಲ್ಲ, ಏಕೆಂದರೆ ಅದು ಎರಡು ಖಾತೆಗಳ ನಡುವೆ ಬೀಳುತ್ತದೆ. ನಿನ್ನ ಹತ್ತಿರ ಎರಡೂ ಖಾತೆ ಇವೆ.

ಕೇಳಿದ್ದಕ್ಕೆ ಫಲ ತಡವಾದರೆ ಬೇಸರಪಡಬೇಡ. ಸ್ಕಾಟಿಷ್ ಕೋರ್ಟುಗಳಲ್ಲಿ 'ಅಪರಾಧಿ', 'ನಿರಪರಾಧಿ' ಎಂಬುದರ ಜೊತೆ 'ಸಾಬೀತಾಗಿಲ್ಲ' ಎಂಬ ಮೂರನೆಯ ತೀರ್ಪೊಂದಿತ್ತು. ಅತ್ಯಾಚಾರಕ್ಕೆ ಒಳಗಾದವರು ಅದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು, ಶಾಸಕರು ಒಂದು ಅಧಿವೇಶನದಿಂದ ಇನ್ನೊಂದಕ್ಕೆ ಕೇಳುತ್ತ ಬಂದರು. ಅದನ್ನು ತೆಗೆಯುವ ಮಸೂದೆ ಅಂಗೀಕಾರವಾದದ್ದು 2025ರ ಸೆಪ್ಟೆಂಬರ್ 17ರಂದು. ಹದಿನೈದು ಜನರ ಜ್ಯೂರಿಯಲ್ಲಿ ಎಂಟು ಮಂದಿ ಸಾಕೆಂಬುದು ಹೋಗಿ ಮೂರನೇ ಎರಡರಷ್ಟು ಬೇಕೆಂದಾಯಿತು. ಜ್ಯೂರಿಯೇ ಇಲ್ಲದ ವಿಚಾರಣೆಯ ಪ್ರಯೋಗವೂ ಮೊದಲಿಗೆ ಆ ಮಸೂದೆಯಲ್ಲಿತ್ತು. ಸಭೆಯಲ್ಲಿ ಬೆಂಬಲ ಸಿಗದೆ ಸರ್ಕಾರವೇ ಕೈಬಿಟ್ಟಿತು. ಅದು ಹೋದದ್ದು ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ, ನೀನು ಒಪ್ಪಬೇಕಿಲ್ಲ.

ಉತ್ತರ ಬಂದ ಮೇಲೆ ಓದುವುದೂ ಒಂದು ಕಲೆ. 'ಪರಿಶೀಲಿಸುತ್ತಿದ್ದೇವೆ' ಎಂದಿದ್ದರೆ ಯಾವಾಗ ಮುಗಿಯುತ್ತದೆಂದು ಮರುಪ್ರಶ್ನೆ ಹಾಕು. 'ಈ ಮಾಹಿತಿಯನ್ನು ಕೇಂದ್ರೀಯವಾಗಿ ಇಟ್ಟಿಲ್ಲ' ಎಂದರೆ 32 ಕೌನ್ಸಿಲ್‌ಗಳಿಗೂ ಮಾಹಿತಿ ಹಕ್ಕಿನ ಅರ್ಜಿ ಹಾಕು, ಬಂದದ್ದನ್ನು ಕೂಡಿಸಿ ಸಚಿವರ ಮುಂದಿಡು. ಸರ್ಕಾರ ತನ್ನದೇ ಪಕ್ಷದ ಶಾಸಕರ ಹೆಸರಿನಲ್ಲಿ ಹಾಕಿಸಿಕೊಳ್ಳುವ ಪ್ರಶ್ನೆಗಳಿರುತ್ತವೆ. ರಜೆಗೆ ಮುಂಚಿನ ದಿನಗಳಲ್ಲಿ ಅವುಗಳ ಉತ್ತರ ರಾಶಿ ಬೀಳುತ್ತದೆ, ಸದ್ದಿಲ್ಲದೆ ಹೇಳಬೇಕಾದದ್ದು ಅಲ್ಲಿರಬಹುದು. ಎಲ್ಲರೂ ರೈಲು ಹಿಡಿಯಲು ಓಡುವ ದಿನ ನೀನು ಕೂತು ಅದನ್ನು ಓದು.

ಇನ್ನು ಕಚೇರಿಗೆ ಬರುವವರು. ಹದಿನಾರು ತುಂಬಿದವರಿಗೆ ಇಲ್ಲಿ ಓಟಿದೆ. ನಿನ್ನ ಹಾಗೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಕಾನೂನುಬದ್ಧವಾಗಿ ಇರುವವರಿಗೂ ಇದೆ. ಅದಿರಲಿ, ಇರದಿದ್ದರೂ ಅವರ ಮಾತು ಕೇಳಬೇಕು. ಹೋಟೆಲ್ ಕೋಣೆಯಲ್ಲಿ ಮಕ್ಕಳ ಜೊತೆ ಇರುವ ತಾಯಿ ಬಂದರೆ ಅವಳ ಕತೆಯನ್ನು ಪ್ರಶ್ನೆ ಮಾಡುವ ಮೊದಲು ಅವಳ ಒಪ್ಪಿಗೆ ಕೇಳು. ಅದಕ್ಕೂ ಮೊದಲು ಕೌನ್ಸಿಲಿನ ವಸತಿ ಅಧಿಕಾರಿಗೆ ಪತ್ರ ಬರೆ. ಮಕ್ಕಳಿರುವ ಕುಟುಂಬವನ್ನು ಅಂಥ ಕೋಣೆಯಲ್ಲಿ ಏಳು ದಿನಕ್ಕಿಂತ ಹೆಚ್ಚು ಇಡಬಾರದೆಂಬ ಆದೇಶವನ್ನು ಪತ್ರದ ಮೊದಲ ಸಾಲಿನಲ್ಲೇ ಹಾಕು. ಪ್ರಶ್ನೆಗೆ ಉತ್ತರ ಬರಲು ಹತ್ತು ಕೆಲಸದ ದಿನ ಬೇಕು, ಅವಳಿಗೆ ಅಷ್ಟು ವ್ಯವಧಾನವಿಲ್ಲ.

ನಿನ್ನ ದೊಡ್ಡಪ್ಪ