ಹುಳುವಿಗೆ ಉಣಿಸು, ಓತಿಗೆ ಪುಷ್ಟಿ

ಪ್ರಾಣಿಗಳನ್ನು ಸಾಕುವುದು ಮಕ್ಕಳಿಗೂ ದೊಡ್ಡವರಿಗೂ ಪ್ರಿಯವಾದ ಕೆಲಸ. ನಾಯಿ, ಬೆಕ್ಕು, ಪಾರಿವಾಳ, ಬಣ್ಣದ ಮೀನು ಇವುಗಳ ಸಾಲಿಗೆ ಈಚಿನ ವರ್ಷಗಳಲ್ಲಿ ಪರದೇಶದ ಹಲ್ಲಿಗಳೂ ಓತಿಗಳೂ ಸೇರಿವೆ. ಆಸ್ಟ್ರೇಲಿಯದ ಒಣನೆಲದಲ್ಲಿ ಹುಟ್ಟಿ ಬೆಳೆಯುವ, ಬಿಯರ್ಡೆಡ್ ಡ್ರ್ಯಾಗನ್ ಎಂದು ಹೆಸರಾದ ಗಡ್ಡದ ಓತಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವವರು ನಮ್ಮ ನಗರಗಳಲ್ಲಿಯೂ ಇದ್ದಾರೆ. ಇಂತಹ ಪ್ರಾಣಿಗೆ ದಿನವೂ ಹೊಟ್ಟೆ ತುಂಬ ಹುಳುಗಳನ್ನು ಕೊಟ್ಟರೂ ಕೆಲವು ತಿಂಗಳಲ್ಲಿ ಅದರ ಕಾಲು ಸೊಟ್ಟಗಾಗುವುದುಂಟು, ದವಡೆ ಮೆತ್ತಗಾಗುವುದುಂಟು. ಹೊಟ್ಟೆ ತುಂಬಿದೆ, ಆದರೆ ಪೋಷಣೆ ದೊರೆತಿಲ್ಲ. ಇದು ಹೇಗಾಗುತ್ತದೆ, ಇದನ್ನು ತಪ್ಪಿಸುವ ಬಗೆ ಯಾವುದು ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ಗೋಡೆಯ ಹಲ್ಲಿಯ ಊಟ

ಮೊದಲು ಎಲ್ಲರೂ ಬಲ್ಲ ಮನೆಯ ಹಲ್ಲಿಯನ್ನೇ ನೋಡೋಣ. ಫೋರ್ಟ್ ಕೊಚ್ಚಿಯ ಹಳೆಯ ಹೆಂಚಿನ ಮನೆಗಳಲ್ಲಿ ಸಂಜೆ ದೀಪ ಹಚ್ಚಿದೊಡನೆ ಹಲ್ಲಿಗಳು ಗೋಡೆಯ ಮೇಲೆ ಹಾಜರಾಗುತ್ತವೆ. ಅವುಗಳನ್ನು ಸಾಕುವವರು ಯಾರೂ ಇಲ್ಲ. ಆದರೂ ಅವುಗಳ ಎಲುಬು ಗಟ್ಟಿಯಾಗಿಯೇ ಇರುತ್ತದೆ. ಹೆಣ್ಣು ಹಲ್ಲಿ ಸಾಮಾನ್ಯವಾಗಿ ಎರಡೆರಡು ಮೊಟ್ಟೆಗಳನ್ನಿಡುತ್ತದೆ. ಆ ಮೊಟ್ಟೆಗಳ ಚಿಪ್ಪು ಸುಣ್ಣದಿಂದಾದುದು. ಅದಕ್ಕೆ ಬೇಕಾದ ಸುಣ್ಣದ ಅಂಶವನ್ನು ಹಲ್ಲಿಯು ಕುತ್ತಿಗೆಯ ಇಕ್ಕೆಲಗಳಲ್ಲಿರುವ ಚೀಲಗಳಲ್ಲಿ ಮುಂಚಿತವಾಗಿ ಕೂಡಿಟ್ಟುಕೊಳ್ಳುತ್ತದೆ.

ಹಲ್ಲಿ ತಿನ್ನುವುದು ಒಂದೇ ಜಾತಿಯ ಹುಳುವನ್ನಲ್ಲ. ಪತಂಗ, ನೊಣ, ಸೊಳ್ಳೆ, ಜೇಡ, ಜಿರಲೆಯ ಮರಿ, ಹೀಗೆ ಸಿಕ್ಕಿದುದೆಲ್ಲ ಅದಕ್ಕೆ ಆಹಾರ. ಆ ಹುಳುಗಳ ಹೊಟ್ಟೆಯಲ್ಲಿ ಎಲೆಯ ಚೂರು, ಹೂವಿನ ಪರಾಗ, ಮಣ್ಣಿನ ಕಣ ಮುಂತಾದುವು ಇರುತ್ತವೆ. ಹುಳುವನ್ನು ನುಂಗಿದ ಹಲ್ಲಿ ಹುಳುವಿನ ಊಟವನ್ನೂ ಅದರೊಡನೆ ನುಂಗುತ್ತದೆ. ಈ ಸಣ್ಣ ಸಂಗತಿಯನ್ನು ಚೆನ್ನಾಗಿ ಮನಸ್ಸಿನಲ್ಲಿಡಬೇಕು.

ಪೆಟ್ಟಿಗೆಯ ಓತಿಯ ಊಟ

ಪೆಟ್ಟಿಗೆಯಲ್ಲಿರುವ ಪ್ರಾಣಿಗೆ ಆರಿಸಿ ತಿನ್ನುವ ಸ್ವಾತಂತ್ರ್ಯವಿಲ್ಲ. ಅದಕ್ಕೆ ದೊರೆಯುವುದು ಬಹುಮಟ್ಟಿಗೆ ಎರಡೇ ಬಗೆಯ ಹುಳು. ಒಂದು, ಮಿಡತೆಯ ಬಳಗಕ್ಕೆ ಸೇರಿದ, ರಾತ್ರಿಯಲ್ಲಿ ಕಿರಗುಟ್ಟುವ ಕ್ರಿಕೆಟ್ ಎಂಬ ಕೀಟ. ಇನ್ನೊಂದು, ಮೀಲ್‌ವರ್ಮ್ ಎಂಬ ಹಿಟ್ಟಿನ ಹುಳು. ಇವುಗಳನ್ನು ಡಬ್ಬಿಗಳಲ್ಲಿ ಬರಿಯ ಗೋಧಿಯ ಬೂಸದ ಮೇಲೆ ಬೆಳೆಸುವುದುಂಟು.

ಹುಳುವಿಗೆ ನಮ್ಮಂತೆ ಎಲುಬಿಲ್ಲ. ಅದರ ಮೈಯ ಕವಚ ಕೈಟಿನ್ ಎಂಬ ವಸ್ತುವಿನಿಂದಾದುದು. ಆದುದರಿಂದ ಅದರಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ, ರಂಜಕ ಹೆಚ್ಚು. ಮಾರ್ಕ್ ಫಿಂಕ್ ಎಂಬ ಅಮೆರಿಕದ ಆಹಾರತಜ್ಞರು 2002ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, 100 ಗ್ರಾಂ ಬೆಳೆದ ಕ್ರಿಕೆಟ್‌ಗಳಲ್ಲಿ ಕ್ಯಾಲ್ಸಿಯಂ ಸುಮಾರು 41 ಮಿಲಿಗ್ರಾಂ, ರಂಜಕ 295 ಮಿಲಿಗ್ರಾಂ. ಹಿಟ್ಟಿನ ಹುಳುವಿನಲ್ಲಿ ಕ್ಯಾಲ್ಸಿಯಂ ಕೇವಲ 17, ರಂಜಕ 285. ಓತಿಯ ಆಹಾರದಲ್ಲಿಯಾದರೋ ಕ್ಯಾಲ್ಸಿಯಂ ರಂಜಕಕ್ಕೆ ಸಮವಾಗಿಯಾದರೂ ಇರಬೇಕು; ಅದರ ಒಂದೂವರೆಯಿಂದ ಎರಡರಷ್ಟಿದ್ದರೆ ಉತ್ತಮ. ಬೇಕಾದುದಕ್ಕೂ ದೊರೆಯುವುದಕ್ಕೂ ಎಷ್ಟು ಅಂತರವಿದೆಯೆಂಬುದನ್ನು ಈ ಅಂಕಿಗಳಿಂದ ಅರಿಯಬಹುದು.

ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಹೃದಯವೂ ಸ್ನಾಯುಗಳೂ ಸರಿಯಾಗಿ ಕೆಲಸ ಮಾಡಲಾರವು. ಆಗ ಪ್ಯಾರಾಥೈರಾಯ್ಡ್ ಗ್ರಂಥಿಯ ರಸವು ಎಲುಬಿನಲ್ಲಿರುವ ಕ್ಯಾಲ್ಸಿಯಂ ಅನ್ನು ಕರಗಿಸಿ ರಕ್ತಕ್ಕೆ ತರುತ್ತದೆ. ಮನೆಯ ಖರ್ಚಿಗೆ ಹಣವಿಲ್ಲದಾಗ ಮಾಡಿನ ತೊಲೆಗಳನ್ನು ಕಿತ್ತು ಮಾರಿದಂತೆ ಇದು. ಕೆಲವು ಕಾಲ ಸಂಸಾರ ನಡೆಯುತ್ತದೆ. ಕೊನೆಗೆ ಮಾಡೇ ಕುಸಿಯುತ್ತದೆ. ಎಳೆಯ ಪ್ರಾಣಿಗಳಲ್ಲಿ ಈ ಕೇಡು ಬೇಗ ಕಾಣಿಸಿಕೊಳ್ಳುತ್ತದೆ. ಒಮ್ಮೆ ಸೊಟ್ಟಗಾದ ಎಲುಬು ಮತ್ತೆ ಪೂರ್ತಿ ನೆಟ್ಟಗಾಗುವುದು ಕಷ್ಟ.

ಪರಿಹಾರ

ಹುಳುವಿನ ಮೈಮೇಲೆ ಕ್ಯಾಲ್ಸಿಯಂ ಪುಡಿಯನ್ನು ಉದುರಿಸಿ ಕೊಡುವುದು ಒಂದು ಕ್ರಮ. ಆದರೆ ಕ್ರಿಕೆಟ್ ತನ್ನ ಮೈಯನ್ನು ತಾನೇ ಒರಸಿಕೊಳ್ಳುವ ಕೀಟ. ಓತಿಯು ತಡಮಾಡಿದರೆ ಪುಡಿಯೆಲ್ಲ ನೆಲದ ಪಾಲು. ಎರಡನೆಯ ಕ್ರಮ, ಹುಳುವಿನ ಹೊಟ್ಟೆಯನ್ನೇ ಪುಷ್ಟಿಕರವಾದ ಆಹಾರದಿಂದ ತುಂಬಿಸಿ ಕೊಡುವುದು. ಅಮೆರಿಕದ ಮೇರಿ ಆ್ಯಲನ್ ಮತ್ತು ಓಲಾವ್ ಆಫ್ಟೆಡಾಲ್ ಎಂಬ ವಿಜ್ಞಾನಿಗಳು ಕ್ರಿಕೆಟ್‌ಗಳ ಆಹಾರದಲ್ಲಿ ಕ್ಯಾಲ್ಸಿಯಂ ಹೆಚ್ಚಿಸಿ ಪರೀಕ್ಷಿಸಿ, 1989ರಲ್ಲಿ ಫಲವನ್ನು ಪ್ರಕಟಿಸಿದರು. ಶೇಕಡಾ 8ರಷ್ಟು ಕ್ಯಾಲ್ಸಿಯಂ ಇರುವ ಆಹಾರವನ್ನು ಎರಡು ದಿನ ತಿಂದ ಕ್ರಿಕೆಟ್‌ಗಳು ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡಬಲ್ಲವು.

ಈ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಬಹುದು. ಕೋಳಿಮೊಟ್ಟೆಯ ಚಿಪ್ಪಿನ ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಕಾರ್ಬೊನೇಟಿನಲ್ಲಿ ಕ್ಯಾಲ್ಸಿಯಂ ನೂರಕ್ಕೆ 40 ಪಾಲು. 20 ಗ್ರಾಂ ಕಾರ್ಬೊನೇಟಿನಲ್ಲಿ 8 ಗ್ರಾಂ ಕ್ಯಾಲ್ಸಿಯಂ ಇದ್ದಂತಾಯಿತು. ಆದುದರಿಂದ ಚಿಪ್ಪನ್ನು ಕುದಿಸಿ, ಒಣಗಿಸಿ, ಕುಟ್ಟಿ, ವಸ್ತ್ರಗಾಳಿತ ಮಾಡಿದ ಪುಡಿ 20 ಗ್ರಾಂ; ಗೋಧಿಹಿಟ್ಟು, ಹೆಸರುಹಿಟ್ಟು, ಒಣಗಿಸಿದ ನುಗ್ಗೆಸೊಪ್ಪಿನ ಪುಡಿ ಎಲ್ಲ ಸೇರಿ 80 ಗ್ರಾಂ; ಇಷ್ಟನ್ನು ಬೆರೆಸಿದರೆ ಉಣಿಸು ಸಿದ್ಧ. ನೀರಿನ ತಟ್ಟೆಯಲ್ಲಿ ಹುಳುಗಳು ಮುಳುಗಿ ಸಾಯುವುದರಿಂದ ಕ್ಯಾರೆಟ್ ಅಥವಾ ಸಿಹಿಗುಂಬಳದ ಹೋಳನ್ನಿಟ್ಟರೆ ಸಾಕು. ಕೊಚ್ಚಿಯ ಮಳೆಗಾಲದಲ್ಲಿ ಹಿಟ್ಟಿಗೆ ಬೂಷ್ಟು ಬೇಗ ಹಿಡಿಯುತ್ತದೆ. ಆದುದರಿಂದ ದಿನವೂ ಹೊಸದನ್ನು ಹಾಕಬೇಕು. ಎರಡು ದಿನ ತಿಂದ ಹುಳುವನ್ನು ಕೂಡಲೆ ಓತಿಗೆ ಕೊಡಬೇಕು. ಹೊಟ್ಟೆ ಖಾಲಿಯಾದರೆ ಪ್ರಯೋಜನವೂ ಹೋಯಿತು. ಮರಿಮಾಡಲು ಇಟ್ಟುಕೊಂಡ ಹುಳುಗಳಿಗೆ ಈ ಸುಣ್ಣದ ಉಣಿಸು ಸಲ್ಲದು. ಬಹುಕಾಲ ತಿಂದರೆ ಅವು ಸಾಯುತ್ತವೆ.

ಇಷ್ಟಾದರೂ ಡಿ ಜೀವಸತ್ವವಿಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತದು. ಗಡ್ಡದ ಓತಿಯು ಅದನ್ನು ಬಿಸಿಲಿನ ಅತಿನೇರಿಳೆ ಕಿರಣಗಳಿಂದ ಪಡೆಯುತ್ತದೆ. ಕಿಟಕಿಯ ಗಾಜು ಈ ಕಿರಣಗಳನ್ನು ತಡೆಯುವುದರಿಂದ, ಗಾಜಿನ ಮೂಲಕ ಬಂದ ಬಿಸಿಲು ಸಾಲದು.

ಕೊಚ್ಚಿಯ ಎರಡು ನಿದರ್ಶನಗಳು

ಉಣ್ಣುವ ಪ್ರಾಣಿಗಿಂತ ಮೊದಲು ಅದರ ಆಹಾರಕ್ಕೇ ಉಣಿಸುವ ಈ ಕ್ರಮ ಕೊಚ್ಚಿಗೆ ಹೊಸದಲ್ಲ. 1947ರಲ್ಲಿ ಸ್ಥಾಪಿತವಾಗಿ 1971ರಿಂದ ಕೊಚ್ಚಿಯಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಮೀನಿನ ಮರಿಗಳಿಗೆ ಕೊಡುವ ಜೀವಂತ ಆಹಾರದ ವಿಷಯದಲ್ಲಿ ಸಂಶೋಧನೆ ನಡೆಸುತ್ತ ಬಂದಿದೆ. ಮರಿಗಳಿಗೆ ಆರ್ಟೀಮಿಯ ಎಂಬ ಉಪ್ಪುನೀರಿನ ಪುಟ್ಟ ಜೀವಿಯನ್ನು ತಿನ್ನಿಸುತ್ತಾರೆ. ಸಮುದ್ರದ ಮೀನಿಗೆ ಅಗತ್ಯವಾದ ಕೆಲವು ಕೊಬ್ಬಿನ ಅಂಶಗಳು ಅದರಲ್ಲಿ ಸಾಲವು. ಆದುದರಿಂದ ಅದಕ್ಕೆ ಮೊದಲು ಮೀನೆಣ್ಣೆ ಮುಂತಾದುವನ್ನು ಉಣಿಸಿ, ಅನಂತರ ಅದನ್ನು ಮರಿಗಳಿಗೆ ಒಡ್ಡುತ್ತಾರೆ.

ಎರಡನೆಯದು ಎಚ್ಚರಿಕೆಯ ನಿದರ್ಶನ. 2023ರ ಮಾರ್ಚ್ ತಿಂಗಳಲ್ಲಿ ಬ್ರಹ್ಮಪುರದ ಕಸದ ರಾಶಿಗೆ ಬೆಂಕಿ ಬಿದ್ದು ಕೊಚ್ಚಿಯನ್ನೆಲ್ಲ ಹೊಗೆ ಮುಸುಕಿತು. ಆ ಬಳಿಕ ಅಲ್ಲಿ ಬ್ಲ್ಯಾಕ್ ಸೋಲ್ಜರ್ ಎಂಬ ನೊಣದ ಮರಿಹುಳುಗಳಿಂದ ಹಸಿಕಸವನ್ನು ತಿನ್ನಿಸಿ ಮುಗಿಸುವ ಘಟಕಗಳನ್ನು ತೆರೆದರು. ಈ ಹುಳು ತನ್ನ ತೊಗಲಿನಲ್ಲಿಯೇ ಸುಣ್ಣವನ್ನು ಕೂಡಿಡುತ್ತದೆ. ಫಿಂಕ್ ಅವರು 2013ರಲ್ಲಿ ಪ್ರಕಟಿಸಿದಂತೆ 100 ಗ್ರಾಂನಲ್ಲಿ ಕ್ಯಾಲ್ಸಿಯಂ 934 ಮಿಲಿಗ್ರಾಂ, ರಂಜಕ 356. ಓತಿಗೆ ಇದಕ್ಕಿಂತ ಒಳ್ಳೆಯ ಹುಳು ಬೇರೆ ಯಾವುದು ಎಂದು ತೋರಬಹುದು. ಆದರೆ ಕಸದಲ್ಲಿ ಕ್ಯಾಡ್ಮಿಯಂನಂತಹ ವಿಷಲೋಹವಿದ್ದರೆ ಹುಳು ಅದನ್ನೂ ಮೈಯಲ್ಲಿ ಕೂಡಿಡುತ್ತದೆ. ಶುದ್ಧವಾದ ಆಹಾರದಲ್ಲಿ ಬೆಳೆದ ಹುಳು ಔಷಧಿಗೆ ಸಮಾನ. ಕೊಳಕಿನಲ್ಲಿ ಬೆಳೆದುದು ಆಹಾರಕ್ಕೆ ಯೋಗ್ಯವಲ್ಲ. ಕೀಟನಾಶಕ ಸಿಂಪಡಿಸಿದ ತೋಟದಲ್ಲಿ ಹಿಡಿದ ಮಿಡತೆಗೂ ಈ ಮಾತು ಸಲ್ಲುತ್ತದೆ.

ಸಾಕುವ ಮುನ್ನ

ನಮ್ಮ ನಾಡಿನ ಗೋಸುಂಬೆ, ಉಡ, ನಕ್ಷತ್ರ ಆಮೆ ಇವುಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಪರದೇಶದ ಪ್ರಾಣಿಗಳಲ್ಲಿಯೂ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿದವುಗಳನ್ನು 2024ರ ನಿಯಮಗಳಂತೆ ಸರಕಾರದಲ್ಲಿ ನೋಂದಾಯಿಸಬೇಕು. ಆ ಪಟ್ಟಿಯಲ್ಲಿರುವ ಹಸಿರು ಇಗ್ವಾನವು ಸೊಪ್ಪು ತಿನ್ನುವ ಪ್ರಾಣಿ. ಅದಕ್ಕೆ ಹುಳು ಬೇಡ. ಪ್ರಾಣಿಯ ಊಟವನ್ನೂ, ಆ ಊಟದ ಊಟವನ್ನೂ ತಿಳಿಯದವರು ಅದನ್ನು ಮನೆಗೆ ತರದಿರುವುದೇ ಲೇಸು.

ಅಭ್ಯಾಸ

ಕೋಳಿಯ ತೆಳುವಾದ ಕಾಲೆಲುಬನ್ನು ತೊಳೆದು, ಮುಚ್ಚಳವಿರುವ ಸೀಸೆಯಲ್ಲಿ ವಿನೆಗರಿನಲ್ಲಿ ಮುಳುಗಿಸಿಡಿರಿ. ಒಂದು ವಾರದ ಮೇಲೆ ತೆಗೆದು ಬಾಗಿಸಿ ನೋಡಿರಿ. ಸಸ್ಯಾಹಾರದ ಮನೆಯವರು ಎಲುಬಿನ ಬದಲು ಕಪ್ಪೆಚಿಪ್ಪಿನ ಚೂರನ್ನು ಹಾಕಿ, ಏಳುವ ಗುಳ್ಳೆಗಳನ್ನು ಗಮನಿಸಬಹುದು. ಆಮ್ಲವು ಸುಣ್ಣದ ಅಂಶವನ್ನು ಕರಗಿಸಿದ ಮೇಲೆ ಎಲುಬು ಬೆರಳಿನ ಒತ್ತಡಕ್ಕೆ ಬಾಗುತ್ತದೆ. ಉಪವಾಸದ ಹುಳುಗಳನ್ನೇ ತಿಂದು ಬೆಳೆದ ಓತಿಯ ಎಲುಬಿಗೆ ಜೀವವಿರುವಾಗಲೇ ಒದಗುವ ಸ್ಥಿತಿ ಇಂತಹುದು.